ಹೋಗಿಬಂದವರ ಪಂಕ್ತಿ

ದೂರದ ಊರಿಗೆ ಹೊರಟವರನ್ನು ಕಳುಹಿಸಿಕೊಡುವ, ಹೋಗಿಬಂದವರನ್ನು ಕೂರಿಸಿಕೊಂಡು ಕೇಳುವ ಕೂಟಗಳು ವಿಜಯಪುರದಲ್ಲಿ ವರ್ಷವಿಡೀ ನಡೆಯುತ್ತವೆ. ಇದು ಬೆಂಗಳೂರು ಗ್ರಾಮಾಂತರ ಜಿಲ್ಲೆ, ದೇವನಹಳ್ಳಿ ತಾಲ್ಲೂಕಿನ ವಿಜಯಪುರ. ಹಳಬರ ಬಾಯಲ್ಲಿ ಇನ್ನೂ ವಡಿಗೇನಹಳ್ಳಿ. 2014ರ ನವೆಂಬರ್ 1ರಂದು ಬಿಜಾಪುರವೂ ವಿಜಯಪುರವಾದ ಮೇಲೆ ಇಲ್ಲಿಯವರು ಹೊರಗೆಲ್ಲಾದರೂ ಊರಿನ ಹೆಸರು ಹೇಳಿದರೆ, ಆ ವಿಜಯಪುರವಲ್ಲ ಎಂದು ಬಿಡಿಸಿ ಹೇಳುವ ಕೆಲಸ ಹೆಚ್ಚಾಗಿದೆ. ಇಲ್ಲಿನ ಪ್ರವಾಸಿಗರ ಕೂಟಕ್ಕೆ ಬೋರ್ಡಿಲ್ಲ, ಅಧ್ಯಕ್ಷರಿಲ್ಲ, ರಸೀದಿ ಪುಸ್ತಕವಿಲ್ಲ. ಯಾರ ಮನೆ ಮುಂದೆ ಶಾಮಿಯಾನ ಎದ್ದಿತೋ ಅಂದಿಗೆ ಅದೇ ಕೂಟದ ಜಾಗ. 2022ರ ನವೆಂಬರ್‌ನಿಂದ 2023ರ ಅಕ್ಟೋಬರ್ ಕೊನೆಯವರೆಗಿನ ಒಂದು ವರ್ಷ ಈ ಕೂಟಗಳ ಪೂರ್ತಿ ಸ್ವರೂಪವನ್ನು ತೋರಿಸಿಕೊಟ್ಟಿತು. ಕೊರೊನಾ ಕಾಲದಲ್ಲಿ ಮನೆಯಲ್ಲೇ ಕೂತವರೆಲ್ಲ ಒಟ್ಟಿಗೆ ಎದ್ದು ಹೊರಟ ವರ್ಷ ಅದು.

ಜಗತ್ತು ಸುತ್ತಿದವರ ಸಂಘಗಳು ಬೇರೆ ನಾಡುಗಳಲ್ಲಿ ಬೇರೆ ಬಗೆಯಲ್ಲಿ ಬೆಳೆದಿವೆ. ನ್ಯೂಯಾರ್ಕಿನಲ್ಲಿ 1902ರಲ್ಲಿ ಆರಂಭವಾದ ಸರ್ಕಮ್‌ನ್ಯಾವಿಗೇಟರ್ಸ್ ಕ್ಲಬ್ ಭೂಮಿಯನ್ನು ಸುತ್ತಿ ಬಂದವರ ಸಂಘ. ಲಾಸ್ ಏಂಜಲೀಸಿನಲ್ಲಿ 1954ರಲ್ಲಿ ಹುಟ್ಟಿದ ಟ್ರಾವೆಲರ್ಸ್ ಸೆಂಚುರಿ ಕ್ಲಬ್ ಸೇರಲು 100 ದೇಶ ಅಥವಾ ಪ್ರದೇಶಗಳನ್ನು ಕಂಡಿರಬೇಕು. ಮೂಲ ದೇಶದಿಂದ ದೂರವಿರುವ ದ್ವೀಪಗಳನ್ನೂ ಬಿಡಿಬಿಡಿಯಾಗಿ ಎಣಿಸುವುದರಿಂದ ಅದರ ಪಟ್ಟಿ 300 ದಾಟಿದೆ. ಇಂಥ ಸಂಘಗಳಲ್ಲಿ ಹೋಗಿಬಂದವರು ಹೋಗಿಬಂದವರನ್ನೇ ಭೇಟಿಯಾಗುತ್ತಾರೆ. ವಿಜಯಪುರದ ಕ್ರಮ ಇದಕ್ಕೆ ತಿರುಗುಮುರುಗು. ಇಲ್ಲಿ ಕೂಟ ಸೇರುವುದು ಹೋಗಲಾಗದವರಿಗಾಗಿ. ತಂದದ್ದನ್ನು ಹಂಚದೆ, ಕಂಡದ್ದನ್ನು ಹೇಳದೆ ಯಾರದಾದರೂ ಯಾತ್ರೆ ಮುಗಿಯಿತೆಂದು ಊರು ಒಪ್ಪುವುದಿಲ್ಲ.

ಊರಿನ ಕಸುಬು ರೇಷ್ಮೆ. ಹೊರಡುವ ದಿನವನ್ನು ಪಂಚಾಂಗಕ್ಕಿಂತ ಮೊದಲು ನಿರ್ಧರಿಸುವುದು ಹುಳು. ರೇಷ್ಮೆಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಕಳಚುತ್ತದೆ. ಬೆಳೆಗಾರರು ಅದನ್ನು ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳು ಒಂದು ವಾರ ತಿನ್ನುವ ಸೊಪ್ಪು, ಅದು ಜೀವಮಾನದಲ್ಲಿ ತಿನ್ನುವ ಒಟ್ಟು ಸೊಪ್ಪಿನ ಮುಕ್ಕಾಲು ಪಾಲಿಗೂ ಹೆಚ್ಚು. ಆ ವಾರ ಮನೆಯಲ್ಲಿ ಯಾರೂ ಮಲಗಿ ನಿದ್ದೆ ಮಾಡುವುದಿಲ್ಲ. ಊರು ಬಿಡುವ ಮಾತಂತೂ ಇಲ್ಲವೇ ಇಲ್ಲ. ಹುಳು ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಂಕಿಗೆ ಬಿಟ್ಟು, ಗೂಡು ಬಿಡಿಸಿ ಮಾರುಕಟ್ಟೆಗೆ ಹಾಕಿ, ಹಣ ಕೈಗೆ ಬಂದ ಮೇಲೆ ಮುಂದಿನ ಎಳೆಯ ಚಾಕಿ ಹುಳು ಮನೆಗೆ ಬರುವ ತನಕ ಸಿಗುವ ಬಿಡುವೇ ಯಾತ್ರೆಯ ಕಾಲ. ರೈಲಿನ ಟಿಕೆಟ್ಟನ್ನು ತಿಂಗಳುಗಳ ಮೊದಲೇ ಕಾದಿರಿಸಬೇಕಾದ ಈ ದಿನಗಳಲ್ಲಿ, ಹುಳುವಿನ ಲೆಕ್ಕಕ್ಕೂ ರೈಲ್ವೆಯ ಲೆಕ್ಕಕ್ಕೂ ತಾಳೆ ಹಾಕುವುದು ಸುಲಭವಲ್ಲ. ಒಂದು ಮನೆಯವರು ಹೊರಟಾಗ ಪಕ್ಕದ ಮನೆಯವರು ಅವರ ಹುಳುವಿಗೂ ಸೊಪ್ಪು ಹಾಕಿದ ಉದಾಹರಣೆಗಳಿವೆ. ಹಾಗೆ ಸೊಪ್ಪು ಹಾಕಿದವರಿಗೆ ಹಿಂದಿರುಗಿದ ಮೇಲಿನ ಊಟದಲ್ಲಿ ಮೊದಲ ಎಲೆ.

ಊರಿನ ಇನ್ನೊಂದು ಪಕ್ಕದ ಸಂಗತಿ ವಿಮಾನ ನಿಲ್ದಾಣ. 2008ರ ಮೇ 24ರಂದು ದೇವನಹಳ್ಳಿಯ ನಿಲ್ದಾಣ ಕೆಲಸ ಆರಂಭಿಸಿತು. ಸುಮಾರು 4,000 ಎಕರೆಯ ಆ ಜಾಗದಲ್ಲಿ ಹಿಂದೆ ಹೊಲ, ತೋಟ ಇದ್ದುದನ್ನು ಕಂಡವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ತಲೆಯ ಮೇಲೆ ವಿಮಾನ ಹಾರುವುದಕ್ಕೂ ಅದರೊಳಗೆ ಕೂರುವುದಕ್ಕೂ ನಡುವಿನ ದೂರ ಮಾತ್ರ ಬಹಳ ಕಾಲ ಹಾಗೇ ಉಳಿಯಿತು. ತಾಲ್ಲೂಕಿನ ಮಂದಿ ಮೊದಮೊದಲು ಅಲ್ಲಿಗೆ ಹೋದದ್ದು ಕೆಲಸ ಹುಡುಕಿಕೊಂಡು, ಇಲ್ಲವೆ ಯಾರನ್ನಾದರೂ ಬಿಟ್ಟುಬರಲು.

2022ರ ನವೆಂಬರ್ 11ರಂದು ಒಂದೇ ದಿನ ಮೂರು ಸಂಗತಿ ನಡೆದವು. ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ ಉದ್ಘಾಟನೆಯಾಯಿತು. ಅದರ ಆವರಣದಲ್ಲಿ ಕೆಂಪೇಗೌಡರ 108 ಅಡಿಯ ಕಂಚಿನ ಪ್ರತಿಮೆ ಅನಾವರಣಗೊಂಡಿತು. ಬೆಂಗಳೂರಿನ ಕೆಎಸ್‌ಆರ್ ರೈಲು ನಿಲ್ದಾಣದಿಂದ ಭಾರತ್ ಗೌರವ್ ಕಾಶಿ ದರ್ಶನ ರೈಲು ಹೊರಟಿತು. ಪ್ರತಿಮೆಗಾಗಿ ಅದಕ್ಕೂ ಮೊದಲಿನ ವಾರಗಳಲ್ಲಿ ಸಿಂಗರಿಸಿದ ವಾಹನಗಳು ರಾಜ್ಯದ ಊರೂರು ತಿರುಗಿ ಮೃತ್ತಿಕೆ ಸಂಗ್ರಹಿಸಿದ್ದವು. ಪ್ರತಿಮೆಯ ಭವ್ಯತೆಯ ಬಗ್ಗೆ ಊರಿನ ಜನ ಆಡಿದ ಮಾತಿಗಿಂತ ರೈಲಿನ ದರದ ಬಗ್ಗೆ ಆಡಿದ್ದೇ ಹೆಚ್ಚು. ಎಂಟು ದಿನದ ಯಾತ್ರೆಗೆ 20,000 ರೂಪಾಯಿ, ಅದರಲ್ಲಿ 5,000 ಸರ್ಕಾರದ್ದು, ಕೈಯಿಂದ ಹಾಕಬೇಕಾದ್ದು 15,000. ಆ ಸಂಜೆ ಟೀ ಅಂಗಡಿಗಳಲ್ಲಿ ಇದೇ ಲೆಕ್ಕ ನಡೆಯಿತು. ಆ ವರ್ಷದ ಮೊದಲ ಕೂಟ ಎನ್ನಬೇಕಾದ್ದು ಅದನ್ನೇ.

ವಾರ ಕಳೆಯುವುದರೊಳಗೆ ಶಬರಿಮಲೆಯ ಮಂಡಲ ಕಾಲ ಶುರುವಾಯಿತು. ಎರಡು ವರ್ಷ ಜನಸಂಖ್ಯೆಯ ಮಿತಿ, ಕೊರೊನಾ ಪರೀಕ್ಷೆಯ ಚೀಟಿ ಎಂದು ತಡೆಗಳಿದ್ದವು. ಈ ಸಲ ಅವು ಇರಲಿಲ್ಲ. ಮಾಲೆ ಹಾಕಿದವರ ಸಂಖ್ಯೆ ಬೀದಿಯಲ್ಲಿ ಕಣ್ಣಿಗೆ ಹೊಡೆಯುವಷ್ಟು ಏರಿತು. ಅಯ್ಯಪ್ಪನ ಕೂಟದ ರೀತಿ ಎಲ್ಲಕ್ಕಿಂತ ಕಟ್ಟುನಿಟ್ಟು. ಮಾಲೆ ಹಾಕಿದ ಕ್ಷಣದಿಂದ ಪ್ರತಿಯೊಬ್ಬನೂ ಸ್ವಾಮಿ. ಅಪ್ಪ ಮಗನನ್ನು ಸ್ವಾಮಿ ಎಂದೇ ಕರೆಯಬೇಕು, ಗೂಡಿನ ವ್ಯಾಪಾರಿ ತನ್ನ ಹಮಾಲಿಯನ್ನೂ ಸ್ವಾಮಿ ಎನ್ನಬೇಕು. ಮೊದಲ ಸಲ ಹೋಗುವವನು ಕನ್ನಿ ಸ್ವಾಮಿ, ದಾರಿ ಬಲ್ಲ ಹಿರಿಯ ಗುರುಸ್ವಾಮಿ. ಕನ್ನಿ ಸ್ವಾಮಿಯ ಮನೆಯಲ್ಲಿ ಒಂದು ರಾತ್ರಿ ಭಜನೆ, ಪೂಜೆ, ಅನ್ನಸಂತರ್ಪಣೆ ಆಗಲೇಬೇಕು. ಮಾಲೆ ಇಳಿಸಿದ ಮೇಲೆ ವ್ಯಾಪಾರಿ ಮತ್ತೆ ಹಮಾಲಿಯನ್ನು ಹೆಸರು ಹಿಡಿದು ಕೂಗುವುದೂ ನಿಜವೇ. ಆದರೂ ವರ್ಷದಲ್ಲಿ ಕೆಲವು ವಾರ ಹೀಗೆ ನಾಲಿಗೆಯನ್ನು ಪಳಗಿಸುವ ಬೇರೆ ಏರ್ಪಾಡು ಊರಿನಲ್ಲಿ ಇಲ್ಲ.

ಇರುಮುಡಿ ಕಟ್ಟುವ ಹೊತ್ತಿನಲ್ಲಿ ಈ ಕೂಟಗಳ ಗುಟ್ಟು ಬಿಡಿಸಿದಂತೆ ಕಾಣುತ್ತದೆ. ಗಂಟಿಗೆ ಎರಡು ಭಾಗ. ಮುಂದಿನದರಲ್ಲಿ ತುಪ್ಪ ತುಂಬಿದ ತೆಂಗಿನಕಾಯಿ ಮತ್ತು ಪೂಜೆಯ ಸಾಮಾನು, ಹಿಂದಿನದರಲ್ಲಿ ದಾರಿಯ ಬುತ್ತಿ. ಗಂಟು ಬಿಗಿಯುವ ಮೊದಲು ಮನೆಯವರು, ನೆಂಟರು, ನೆರೆಹೊರೆಯವರು ಒಬ್ಬೊಬ್ಬರಾಗಿ ಬಂದು ಒಂದೊಂದು ಹಿಡಿ ಅಕ್ಕಿ ಹಾಕುತ್ತಾರೆ. ಬೆಟ್ಟ ಹತ್ತಲಾಗದ ಅಜ್ಜನೂ, ವಯಸ್ಸಿನ ಕಾರಣಕ್ಕೆ ಹೋಗಲಾಗದ ಹೆಣ್ಣುಮಕ್ಕಳೂ ಆ ಹಿಡಿ ಅಕ್ಕಿಯಲ್ಲಿ ಹದಿನೆಂಟು ಮೆಟ್ಟಿಲು ಹತ್ತುತ್ತಾರೆ. ಹೊರಡುವಾಗ ಬಾಗಿಲಲ್ಲಿ ಕಾಯಿ ಒಡೆದು, ಹೋಗಿಬರ್ತೀನಿ ಎನ್ನದೆ, ಹಿಂದಿರುಗಿ ನೋಡದೆ ನಡೆಯಬೇಕು. ಟೆಂಪೋ ಟ್ರಾವೆಲರ್ ಮೂಲೆ ತಿರುಗಿದ ಕೂಡಲೇ ಮೊಬೈಲಿನಲ್ಲಿ ಮನೆಗೆ ಫೋನ್ ಬರುವುದಕ್ಕೆ ಶಾಸ್ತ್ರದಲ್ಲಿ ನಿಷೇಧ ಇಲ್ಲದಿರುವುದು ಎಲ್ಲರಿಗೂ ಅನುಕೂಲ. ಹಿಂದಿರುಗಿದ ಮೇಲೆ ಅರವಣ ಪಾಯಸದ ಡಬ್ಬಿಗಳು ಬೀದಿಯಲ್ಲಿ ಹಂಚಿಹೋಗುತ್ತವೆ. ಎರುಮೇಲಿಯಲ್ಲಿ ವಾವರನ ಮಸೀದಿಗೆ ಹೋಗಿ ನಮಸ್ಕರಿಸಿದ ಕಥೆಯನ್ನು ಗುರುಸ್ವಾಮಿಗಳು ವರ್ಷವೂ ಹೇಳುತ್ತಾರೆ. ಕೇಳುವವರಲ್ಲಿ ಪಕ್ಕದ ಓಣಿಯಲ್ಲಿ ರೇಷ್ಮೆ ನೂಲು ತೆಗೆಯುವ ಮುಸ್ಲಿಂ ರೀಲರ್‌ಗಳೂ ಇರುತ್ತಾರೆ.

ಜನವರಿಯಲ್ಲಿ ಬೀದಿಯ ಬಣ್ಣ ಕಪ್ಪಿನಿಂದ ಕೆಂಪಿಗೆ ತಿರುಗಿತು. ಓಂ ಶಕ್ತಿ ಮಾಲೆ ಹಾಕಿದ ಹೆಂಗಸರು ಕೆಂಪು ಸೀರೆಯುಟ್ಟು ಮೇಲ್‌ಮರುವತ್ತೂರಿಗೆ ಹೊರಡುವ ಕಾಲ ಅದು. ಚೆನ್ನೈಯಿಂದ ತಿರುಚ್ಚಿಯ ದಾರಿಯಲ್ಲಿರುವ ಆದಿಪರಾಶಕ್ತಿಯ ಈ ಪೀಠ ಕೋಲಾರ, ಹೊಸಕೋಟೆ, ದೇವನಹಳ್ಳಿ ಸೀಮೆಯ ಹೆಣ್ಣುಮಕ್ಕಳನ್ನು ಬಲವಾಗಿ ಸೆಳೆದಿದೆ. ಕಾರಣ ಸರಳ. ಅಲ್ಲಿ ಹೆಂಗಸರು ತಾವೇ ಗರ್ಭಗುಡಿ ಹೊಕ್ಕು ಪೂಜೆ ಮಾಡಬಹುದು, ಮುಟ್ಟಿನ ದಿನಗಳೆಂದು ಯಾರೂ ತಡೆಯುವುದಿಲ್ಲ. ಅಯ್ಯಪ್ಪನ ಇರುಮುಡಿಗೆ ಅಕ್ಕಿ ಹಾಕಿ ಬಾಗಿಲಲ್ಲಿ ನಿಂತವರು ತಾವೇ ಇರುಮುಡಿ ಹೊತ್ತು ಹೊರಡುವುದು ಇಲ್ಲಿಗೆ. ಕಳುಹಿಸಿಕೊಡಲು ನಿಲ್ಲುವವರು ಈಗ ಗಂಡಸರು. ಎರಡು ದಿನ ಅಡುಗೆ ಹೇಗೆ, ಮಕ್ಕಳನ್ನು ಸ್ಕೂಲಿಗೆ ಕಳಿಸುವುದು ಹೇಗೆ ಎಂಬ ಪ್ರಶ್ನೆಗಳು ಅವರ ಮುಖದ ಮೇಲೇ ಇರುತ್ತವೆ.

ಬಸ್ಸಿನ ಖರ್ಚನ್ನು ರಾಜಕಾರಣಿಗಳು ಹೊರುವ ರೂಢಿ ಈ ಸೀಮೆಯಲ್ಲಿ ಗಟ್ಟಿಯಾಗಿದೆ. 2023ರ ಮೇ 10ಕ್ಕೆ ವಿಧಾನಸಭೆ ಚುನಾವಣೆ ಇದ್ದುದರಿಂದ ಆ ಜನವರಿಯಲ್ಲಿ ಬಸ್ಸುಗಳಿಗೆ ಬರವಿರಲಿಲ್ಲ. ಬಸ್ಸಿನ ಮುಂದೆ ಕಟ್ಟಿದ ಬ್ಯಾನರಿನಲ್ಲಿ ಅಮ್ಮನ ಚಿತ್ರಕ್ಕಿಂತ ಬಸ್ಸು ಕೊಟ್ಟವರ ಚಿತ್ರ ದೊಡ್ಡದಿತ್ತು. ಹತ್ತಿದವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಬಸ್ಸು ಒಬ್ಬರದು, ಕಾಣಿಕೆ ಅಮ್ಮನಿಗೆ, ಓಟು ಮನಸ್ಸಿಗೆ ಬಂದವರಿಗೆ ಎನ್ನುವ ವಿಂಗಡಣೆ ಅವರಲ್ಲಿ ಸ್ಪಷ್ಟವಾಗಿತ್ತು. ದರ್ಶನ ಮುಗಿದ ಮೇಲೆ ಕೆಲವು ಬಸ್ಸುಗಳು ಕಂಚಿ, ಮಹಾಬಲಿಪುರದ ಕಡೆ ತಿರುಗುತ್ತವೆ. ಅನೇಕರು ಸಮುದ್ರವನ್ನು ಮೊದಲು ಕಂಡದ್ದು ಹೀಗೆ. ಕಂಚಿಯ ಕಡೆಯಿಂದ ಬಂಡಿ ಕಟ್ಟಿಕೊಂಡು ಬಂದ ರಣಭೈರೇಗೌಡರ ಮನೆತನ ನಂದಿಬೆಟ್ಟದ ಬುಡದ ಆವತಿಯಲ್ಲಿ ನೆಲೆಸಿತು, ಆ ವಂಶದ ಮಲ್ಲಭೈರೇಗೌಡರು 1501ರಲ್ಲಿ ದೇವನಹಳ್ಳಿಯ ಕೋಟೆ ಕಟ್ಟಿಸಿದರು ಎಂಬುದು ಈ ಸೀಮೆಯ ಚರಿತ್ರೆಯ ಮೊದಲ ಪಾಠ. ಹಿರಿಯರು ಬಂಡಿಯಲ್ಲಿ ಬಂದ ದಿಕ್ಕಿಗೇ ಈಗ ಹೆಣ್ಣುಮಕ್ಕಳು ಬಸ್ಸಿನಲ್ಲಿ ಹೋಗುತ್ತಾರೆ. ಹಿಂದಿರುಗಿದ ಕೂಟದಲ್ಲಿ ದೇವಸ್ಥಾನದ ವಿವರ ಎರಡು ಮಾತಿನಲ್ಲಿ ಮುಗಿದು, ಅಲೆಯ ಸದ್ದು, ಒದ್ದೆಯಾದ ಸೀರೆಯ ಅಂಚು, ಉಪ್ಪುಗಾಳಿಯ ವರ್ಣನೆಗೆ ಹೊತ್ತು ಹೋಯಿತು.

ಫೆಬ್ರವರಿಯಿಂದ ಮೇವರೆಗೆ ಹೇಳಿಕೊಳ್ಳುವ ಕೂಟಗಳು ಕಡಿಮೆ. ಮಾರ್ಚ್ 22ಕ್ಕೆ ಯುಗಾದಿ ಬಂತು, ಅದರ ಬೆನ್ನಿಗೇ ರಂಜಾನ್ ಉಪವಾಸ. ಉಮ್ರಾಕ್ಕೆ ಹೋಗಿಬಂದ ಕೆಲವರು ಇಫ್ತಾರಿನಲ್ಲಿ ಖರ್ಜೂರ ಹಂಚಿದರು. ನಂತರ ಚುನಾವಣೆ ಊರಿನ ಮಾತನ್ನೆಲ್ಲ ನುಂಗಿತು.

ಜೂನ್ ತಿಂಗಳಲ್ಲಿ ಎರಡು ದೊಡ್ಡ ಹೊರಡುವಿಕೆಗಳು ಒಂದರ ಮೇಲೊಂದು ಬಂದವು. ಮೊದಲನೆಯದು ಹಜ್. 2020 ಮತ್ತು 2021ರಲ್ಲಿ ಹೊರದೇಶಗಳಿಂದ ಬರುವವರಿಗೆ ಅವಕಾಶವಿರಲಿಲ್ಲ, 2022ರಲ್ಲಿ 65 ವರ್ಷದೊಳಗಿನವರಿಗೆ ಮಾತ್ರ ಇತ್ತು. 2023ರಲ್ಲಿ ವಯಸ್ಸಿನ ಮಿತಿ ತೆಗೆದು ಭಾರತಕ್ಕೆ 1,75,025 ಮಂದಿಯ ಪೂರ್ತಿ ಕೋಟಾ ಸಿಕ್ಕಿತು. ಹಜ್‌ಗೆ ಚೀಟಿ ಎತ್ತುವ ಖುರ್ರಾದಲ್ಲಿ ಹೆಸರು ಬಂದವರಲ್ಲಿ ಕಾದು ಕಾದು ಮುದುಕರಾದವರು ಈ ಸಲ ಹೆಚ್ಚಿದ್ದರು.

ಹಜ್‌ಗೆ ಹೊರಡುವವರು ಸಾಲ ತೀರಿಸಿ, ಮನಸ್ತಾಪ ಕಳೆದುಕೊಂಡು ಹೋಗಬೇಕು. ರೇಷ್ಮೆಯ ಊರಿನಲ್ಲಿ ಈ ನಿಯಮಕ್ಕೆ ಬೇರೆ ಊರಲ್ಲಿಲ್ಲದ ತೂಕ ಇದೆ. ಗೂಡು ಬೆಳೆಯುವವರಲ್ಲಿ ಹೆಚ್ಚಿನವರು ಹಿಂದೂ ರೈತರು, ನೂಲು ತೆಗೆಯುವ ರೀಲರ್‌ಗಳಲ್ಲಿ ಹೆಚ್ಚಿನವರು ಮುಸ್ಲಿಮರು. ಇಬ್ಬರ ನಡುವೆ ಮಾರುಕಟ್ಟೆಯ ರಸೀದಿಯಲ್ಲಿ ಬರುವ ಲೆಕ್ಕ ಒಂದಾದರೆ, ಬಾಯಿಮಾತಿನ ಲೆಕ್ಕ ಇನ್ನೊಂದು. ಹಿಂದಿನ ಯಾವುದೋ ಸಾಲಿನಲ್ಲಿ ಗೂಡು ನಾರಿತ್ತು ಎಂದು ಹಿಡಿದುಕೊಂಡ ಹಣ, ಬಾಬ್ತು ತೀರದ ಕೈಸಾಲ, ಮದುವೆಗೆ ಕರೆಯದೆ ಉಳಿದ ಬೇಸರ, ಇಂಥವೆಲ್ಲ ಹೊರಡುವ ಮುಂಚಿನ ವಾರಗಳಲ್ಲಿ ಮೇಲೆ ಬರುತ್ತವೆ. ಹೊರಡುವವರು ಮನೆಮನೆಗೆ ಹೋಗಿ, ತಮ್ಮವರಲ್ಲಿ ಕಹಾ ಸುನಾ ಮಾಫ್ ಎನ್ನುತ್ತಾರೆ, ರೈತರ ಹಟ್ಟಿಯಲ್ಲಿ "ಏನಾದ್ರೂ ತಪ್ಪಾಗಿದ್ರೆ ಮನಸ್ಸಲ್ಲಿ ಇಟ್ಕೋಬೇಡಿ ಗೌಡ್ರೇ" ಎನ್ನುತ್ತಾರೆ. ಹಳೆಯ ಬಾಕಿ ಎಣಿಸಿಕೊಡುತ್ತಾರೆ. ತೆಗೆದುಕೊಳ್ಳುವವರು ಒಮ್ಮೆ ಬೇಡವೆಂದು ಹೇಳಿ, ಎರಡನೆಯ ಸಲ ತೆಗೆದುಕೊಳ್ಳುವುದು ಮರ್ಯಾದೆ. ಕೋರ್ಟು, ಪಂಚಾಯಿತಿ ಬಗೆಹರಿಸದ ಎಷ್ಟೋ ಲೆಕ್ಕಗಳು ಯಾತ್ರೆಯ ನೆಪದಲ್ಲಿ ಚುಕ್ತಾ ಆಗಿವೆ.

ಕಳುಹಿಸಿಕೊಡುವ ದಿನ ಬಿರಿಯಾನಿ, ದಾಲ್ಚಾ, ಕೊರಳ ತುಂಬ ಹೂವಿನ ಹಾರ. ಮಾಂಸ ತಿನ್ನದ ನೆರೆಯವರಿಗೆ ಬೇರೆ ಒಲೆಯಲ್ಲಿ ಕೇಸರಿಬಾತು. ಬಂದವರೆಲ್ಲ ಒಂದೊಂದು ದುವಾ ಒಪ್ಪಿಸುತ್ತಾರೆ. ಮಗಳ ಮದುವೆ, ಮೊಮ್ಮಗನ ಪರೀಕ್ಷೆ, ನೀರು ಬಾರದ ಬೋರ್‌ವೆಲ್. ಕೆಲವರು ಮರೆಯದಿರಲೆಂದು ಚೀಟಿಯಲ್ಲಿ ಬರೆದು ಕೊಡುತ್ತಾರೆ. ಬೋರ್‌ವೆಲ್‌ಗಾಗಿ ಅರಫಾತಿನಲ್ಲಿ ಪ್ರಾರ್ಥಿಸಬೇಕೆಂದು ಕೇಳಿದವರಲ್ಲಿ ಮುಸ್ಲಿಮರಷ್ಟೇ ಒಕ್ಕಲಿಗರೂ ಇದ್ದರು. ಊರಿನಿಂದ ತಿರುಮೇನಹಳ್ಳಿಯ ಹಜ್ ಭವನ, ಅಲ್ಲಿಂದ ವಿಮಾನ. ಮನೆಗೆ ಹತ್ತಿರದ ನಿಲ್ದಾಣಕ್ಕೆ ಹೋಗಲು ಬೆಂಗಳೂರಿನ ಕಡೆ ಹೋಗಿ ಹಿಂದಿರುಗಿ ಬರುವ ಸುತ್ತುದಾರಿ ಇದು. ಜೂನ್ ಕೊನೆಯಲ್ಲಿ ಹಜ್‌ನ ವಿಧಿಗಳು ನಡೆದಾಗ ಅಲ್ಲಿನ ಬಿಸಿಲು 45 ಡಿಗ್ರಿ ದಾಟಿತ್ತು. ಹಿಂದಿರುಗಿದ ಹಾಜಿಗಳು ಹೆಚ್ಚು ಹೇಳಿದ್ದು ಆ ಬಿಸಿಲಿನ ಬಗ್ಗೆ, ಮತ್ತು ಭಾಷೆ ಗೊತ್ತಿಲ್ಲದ ಯಾರೋ ತಲೆಯ ಮೇಲೆ ನೀರು ಚಿಮುಕಿಸಿದ ಬಗ್ಗೆ. ಝಮ್‌ಝಮ್ ನೀರನ್ನು ಸಣ್ಣ ಲೋಟಗಳಲ್ಲಿ ಹಂಚಲಾಯಿತು. ಐದು ಲೀಟರಿನ ಡಬ್ಬಿ ಇಡೀ ಬೀದಿಗೆ ಸಾಕಾಗುವಂತೆ ಹಂಚುವುದೂ ಒಂದು ವಿದ್ಯೆ.

ಎರಡನೆಯ ಹೊರಡುವಿಕೆ ಶಕ್ತಿ ಯೋಜನೆಯದು. ಜೂನ್ 11ರಂದು ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದರ ಶೂನ್ಯವಾಯಿತು. ಆಧಾರ್ ತೋರಿಸಿದರೆ ಸೊನ್ನೆ ಬರೆದ ಚೀಟಿ ಕೈಗೆ. ಧರ್ಮಸ್ಥಳ, ಕುಕ್ಕೆ, ಶೃಂಗೇರಿ, ಹೊರನಾಡು, ಮಲೆ ಮಹದೇಶ್ವರ ಬೆಟ್ಟದ ಬಸ್ಸುಗಳು ತುಂಬಿ ತುಳುಕಿದವು. ಪತ್ರಿಕೆಗಳಲ್ಲಿ ಕಿತ್ತ ಬಾಗಿಲು, ಜಗಳದ ಚಿತ್ರಗಳು ಬಂದವು. ವಿಜಯಪುರದ ಕೂಟಗಳಲ್ಲಿ ಆದ ಬದಲಾವಣೆ ಅಷ್ಟು ಸದ್ದಿನದಲ್ಲ. ಇದುವರೆಗೆ ಹೆಂಗಸರ ಯಾತ್ರೆಗೆ ಒಂದು ಗುಂಪು, ಒಬ್ಬ ಮುಂದಾಳು, ಮನೆಯಲ್ಲಿ ಒಪ್ಪಿಗೆ, ಗಂಡನ ಜೇಬು ಇಷ್ಟೂ ಬೇಕಿತ್ತು. ಈಗ ಇಬ್ಬರು ಅಕ್ಕತಂಗಿಯರು ಬೆಳಗ್ಗೆ ಮಾತಾಡಿಕೊಂಡು ಸಂಜೆ ಬಸ್ಸು ಹತ್ತತೊಡಗಿದರು. ಮೂರನೆಯ ಸಲ ಧರ್ಮಸ್ಥಳಕ್ಕೆ ಹೋಗಿಬಂದವರನ್ನು ಶಾಮಿಯಾನ ಹಾಕಿ ಯಾರು ಕೇಳುತ್ತಾರೆ? ಹೊರಡುವುದು ಸುಲಭವಾದಷ್ಟೂ ಕೂಟ ಸಣ್ಣದಾಯಿತು, ಹಿತ್ತಲ ಬಾಗಿಲಲ್ಲಿ ನಿಂತು ಪ್ರಸಾದದ ಪೊಟ್ಟಣ ಕೊಡುವಷ್ಟಕ್ಕೆ ಇಳಿಯಿತು. ಇದನ್ನು ನಷ್ಟವೆಂದು ಹೇಳುವವರು ಬಹುಮಟ್ಟಿಗೆ ಗಂಡಸರು. ರಾಜ್ಯದ ಗಡಿಯಾಚೆಗೆ ಶೂನ್ಯ ಟಿಕೆಟ್ ನಡೆಯದು. ಹಾಗಾಗಿ ತಿರುಪತಿಯ ಯಾತ್ರೆ ಹಳೆಯ ಮರ್ಯಾದೆಯನ್ನು ಉಳಿಸಿಕೊಂಡಿತು.

ಜುಲೈ 18ರಿಂದ ಆಗಸ್ಟ್ 16ರವರೆಗೆ ಅಧಿಕ ಶ್ರಾವಣ. ಶುಭಕಾರ್ಯಗಳಿಲ್ಲದ ಆ ತಿಂಗಳು ಕಾಶಿಗೆ ಹೇಳಿಮಾಡಿಸಿದ ಕಾಲ. ಕೆಲವರು ಕಾಶಿ ದರ್ಶನ ರೈಲಿನಲ್ಲಿ, ಕೆಲವರು ಟೂರಿನವರ ಜತೆ, ಅಪರೂಪಕ್ಕೆ ಮಕ್ಕಳು ಮಾಡಿಕೊಟ್ಟ ವಿಮಾನದ ಟಿಕೆಟಿನಲ್ಲಿ ಹೋದರು. ಉಳಿದುಕೊಳ್ಳಲು ಮೈಸೂರು ಅರಸರ ಕಾಲದ ಕರ್ನಾಟಕ ಛತ್ರ. ವೀರಶೈವ ಮನೆಗಳವರಿಗೆ ಜಂಗಮವಾಡಿ ಮಠ. ಕಾಶಿಗೂ ಈ ಸೀಮೆಗೂ ದೇವರ ಸಂಬಂಧವಲ್ಲದೆ ನೂಲಿನ ಸಂಬಂಧವೂ ಇದೆ. ಬನಾರಸಿ ಸೀರೆ ನೇಯುವವರ ಮಗ್ಗಗಳಿಗೆ ಕರ್ನಾಟಕದ ಕಚ್ಚಾ ರೇಷ್ಮೆ ಹೋಗುತ್ತದೆ. ತನ್ನ ಮನೆಯಲ್ಲಿ ಬೆಳೆದ ಗೂಡಿನ ನೂಲೇ ಇರಬಹುದೆಂದು ಕಾಶಿಯ ಅಂಗಡಿಯಲ್ಲಿ ಸೀರೆಯ ಎಳೆ ಜಗ್ಗಿ ನೋಡಿ ಬೈಸಿಕೊಂಡವರ ಕಥೆ ಆ ಸಾಲಿನ ಕೂಟಗಳಲ್ಲಿ ಬಹಳ ನಗೆ ತರಿಸಿತು.

ಕಾಶಿಯಿಂದ ಬಂದವರು ಗಂಗಾಪೂಜೆ, ಸಮಾರಾಧನೆ ಮಾಡಲೇಬೇಕು. ಗಂಗೆಯ ತಂಬಿಗೆಯನ್ನು ಪೂಜಿಸಿ, ಬಂದವರಿಗೆಲ್ಲ ತೀರ್ಥ ಕೊಟ್ಟು, ಕಾಶಿದಾರ ಕಟ್ಟಿ, ಬಾಯಿ ಬೆಸೆದ ಪುಟ್ಟ ತಾಮ್ರದ ಗಿಂಡಿಗಳನ್ನು ಹಂಚುತ್ತಾರೆ. ಒಬ್ಬಟ್ಟು, ಪಾಯಸ, ಚಿತ್ರಾನ್ನ, ಕೋಸಂಬರಿಯ ಊಟ. ಎಲೆಯ ಮುಂದೆ ಕೂತವರು ಮೊದಲು ಕೇಳುವುದು ವಿಶ್ವನಾಥನ ದರ್ಶನ ಹೇಗಾಯಿತೆಂದಲ್ಲ. "ಏನ್ ಬಿಟ್ಟು ಬಂದ್ರಿ?" ಎಂದು. ಇಷ್ಟವಾದ ಒಂದು ತರಕಾರಿ, ಒಂದು ಹಣ್ಣನ್ನು ಕಾಶಿಯಲ್ಲಿ ಬಿಟ್ಟುಬರಬೇಕೆಂಬುದು ವಾಡಿಕೆ. ಬಿಟ್ಟದ್ದನ್ನು ಊರು ನೆನಪಿಟ್ಟುಕೊಳ್ಳುತ್ತದೆ. ಬದನೆಕಾಯಿ ಬಿಟ್ಟವರ ಮನೆಗೆ ವಾಂಗಿಬಾತು ಕಳಿಸುವುದು ನಿಲ್ಲುತ್ತದೆ, ಚಕ್ಕೋತ ಬಿಟ್ಟವರಿಗೆ ದೇವನಹಳ್ಳಿ ಸೀಮೆಯಲ್ಲಿ ಬದುಕು ಸ್ವಲ್ಪ ಕಷ್ಟವೇ ಆಗುತ್ತದೆ. ಎಂದೂ ಇಷ್ಟಪಡದ ಹಾಗಲಕಾಯಿಯನ್ನು ಬಿಟ್ಟುಬಂದ ಜಾಣರು ಸಿಕ್ಕಿಬೀಳುವುದೂ ಇದೇ ಪಂಕ್ತಿಯಲ್ಲಿ. ಹೆಂಡತಿ ಬಡಿಸುತ್ತಲೇ ಅದನ್ನು ಹೇಳಿಬಿಡುತ್ತಾಳೆ.

ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ವಿಕ್ರಮ್ ಚಂದ್ರನ ದಕ್ಷಿಣ ಧ್ರುವದ ಬಳಿ ಇಳಿದದ್ದನ್ನು ಊರು ಟಿವಿಯ ಮುಂದೆ ಕೂತು ನೋಡಿತು. ಚಪ್ಪಾಳೆ, ಪಟಾಕಿ ಆದ ಮೇಲೆ ಒಬ್ಬ ಅಜ್ಜಿ, ಅದು ಬರುವಾಗ ಏನು ತರುತ್ತದೆ ಎಂದು ಕೇಳಿದರು. ತರುವುದಿಲ್ಲ, ಹಿಂದಿರುಗುವುದೂ ಇಲ್ಲ ಎಂದು ಮೊಮ್ಮಗಳು ಬಿಡಿಸಿ ಹೇಳಿದಾಗ ಅಜ್ಜಿಗೆ ಯಾತ್ರೆಯ ಮೇಲಿನ ಗೌರವ ಕಡಿಮೆಯಾದದ್ದು ಕಾಣಿಸಿತು.

ಸೆಪ್ಟೆಂಬರ್ ಅಮೆರಿಕದಿಂದ ಹಿಂದಿರುಗುವವರ ತಿಂಗಳು. ಮಗನ ಅಥವಾ ಮಗಳ ಮನೆಗೆ ಬೇಸಿಗೆಯಲ್ಲಿ ಹೋದ ತಂದೆತಾಯಂದಿರು ಆರು ತಿಂಗಳ ಗಡುವಿನೊಳಗೆ, ಗಣೇಶನ ಹಬ್ಬದ ಹೊತ್ತಿಗೆ ಬರುತ್ತಾರೆ. ಕನ್ನಡದಲ್ಲಿ ಈ ಬಗೆಯ ಯಾತ್ರೆಗೆ ಒಳ್ಳೆಯ ಸಾಹಿತ್ಯವೇ ಇದೆ; ಗೊರೂರು ರಾಮಸ್ವಾಮಿ ಅಯ್ಯಂಗಾರರ 'ಅಮೆರಿಕಾದಲ್ಲಿ ಗೊರೂರು' ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ವೀಸಾ ಸಂದರ್ಶನಕ್ಕೆ ಬೆಂಗಳೂರಿನಲ್ಲಿ ಕಚೇರಿ ಇಲ್ಲದೆ ಚೆನ್ನೈಗೋ ಹೈದರಾಬಾದಿಗೋ ಹೋಗಬೇಕಿತ್ತು. ಕೊರೊನಾದ ನಂತರ ಮೊದಲ ಸಲದ ಅರ್ಜಿದಾರರಿಗೆ ದಿನ ಸಿಗಲು ವರ್ಷ ಮೀರಿ ಕಾಯಬೇಕಾದ ಕಾಲ ಅದು. ಹಾಗಾಗಿ ವೀಸಾ ಬಂದದ್ದೇ ಒಂದು ಕೂಟಕ್ಕೆ ಕಾರಣವಾಗುತ್ತಿತ್ತು.

ಹೊರಡುವ ಮುನ್ನ ಹುಳಿಪುಡಿ, ಚಟ್ನಿಪುಡಿ, ನಿಪ್ಪಟ್ಟು, ಕೋಡುಬಳೆ ಮಾಡಲು ಬೀದಿಯ ಹೆಂಗಸರೆಲ್ಲ ಒಂದು ಮನೆಯಲ್ಲಿ ಸೇರುತ್ತಾರೆ. ಅಮೆರಿಕ ಕಾಣದವರ ಕೈರುಚಿಯೂ ಆ ಪೆಟ್ಟಿಗೆಯಲ್ಲಿ ಹೋಗುತ್ತದೆ. ಪೆಟ್ಟಿಗೆಯೊಂದಕ್ಕೆ 23 ಕಿಲೋ ಮಿತಿ. ಗೂಡು ತೂಗಿ ಅಭ್ಯಾಸವಿರುವ ಊರಾದ್ದರಿಂದ ತೂಕದಲ್ಲಿ ಯಾರೂ ಎಡವುವುದಿಲ್ಲ. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲಿಂದ ಏರ್ ಇಂಡಿಯಾ ವಿಮಾನವನ್ನು ನೇರ ಬೆಂಗಳೂರಿಗೆ ತಂದಿಳಿಸಿದ ಮೇಲೆ, ನಡುವೆ ಎಲ್ಲೂ ಇಳಿದು ಗೇಟು ಹುಡುಕುವ ಭಯವಿಲ್ಲದೆ ಹೋಗಬಹುದೆಂಬ ಧೈರ್ಯ ಅನೇಕ ಅಮ್ಮಂದಿರಿಗೆ ಬಂದಿತ್ತು. 2023ರ ಸೆಪ್ಟೆಂಬರ್ 12ರಂದು ಅಂತರರಾಷ್ಟ್ರೀಯ ವಿಮಾನಗಳೆಲ್ಲ ಎರಡನೇ ಟರ್ಮಿನಲ್ಲಿಗೆ ಬದಲಾದವು. ಎದುರುಗೊಳ್ಳಲು ಹೋದವರಲ್ಲಿ ಕೆಲವರು ಹೂವಿನ ಹಾರ ಹಿಡಿದು ಹಳೆಯ ಟರ್ಮಿನಲ್ಲಿನ ಮುಂದೆ ಕಾದರು. ಬಿದಿರಿನ ಛಾವಣಿ, ತೂಗುಬಿಟ್ಟ ಗಿಡಗಳ ಆ ಹೊಸ ಕಟ್ಟಡವನ್ನು ನೋಡಿ, ಇಷ್ಟೊಂದು ಬಿದಿರಿದ್ದರೆ ಎಷ್ಟು ಚಂದ್ರಂಕಿ ಹೆಣೆಯಬಹುದಿತ್ತು ಎಂದು ಲೆಕ್ಕ ಹಾಕಿದವರೂ ಇದ್ದರು.

ಅಮೆರಿಕದ ಕೂಟಕ್ಕೆ ಒಂದು ತೊಡಕು ಬಂದಿದೆ. ದಿನವೂ ವಾಟ್ಸಾಪಿನಲ್ಲಿ ಚಿತ್ರ ಕಳಿಸಿದವರಿಗೆ ಹಿಂದಿರುಗಿದ ಮೇಲೆ ಹೇಳಲು ಉಳಿಯುವುದು ಕಡಿಮೆ. ನಯಾಗರ ಎಲ್ಲರೂ ಆಗಲೇ ಕಂಡದ್ದು. ಆದರೆ ಕೇಳುವವರು ಸುಮ್ಮನಾಗಲಿಲ್ಲ. ಚಿತ್ರದಲ್ಲಿ ಬಾರದ್ದನ್ನು ಕೇಳಿದರು. ಬೆಳಗಿನಿಂದ ಸಂಜೆವರೆಗೆ ಮನೆಯಲ್ಲಿ ಒಬ್ಬರೇ ಏನು ಮಾಡುತ್ತಿದ್ದಿರಿ, ಮೊಮ್ಮಕ್ಕಳು ಕನ್ನಡ ಆಡುತ್ತಾರೆಯೇ, ಮಜ್ಜಿಗೆ ಸಿಗುತ್ತದೆಯೇ, ಸೊಸೆ ಹೇಗೆ. ಕೊನೆಯ ಪ್ರಶ್ನೆಗೆ ಉತ್ತರ ಗಂಡಸರು ಎದ್ದುಹೋದ ಮೇಲೆ. ಅಲ್ಲಿನ ಕನ್ನಡ ಕೂಟಗಳ ವಿಷಯವೂ ಬಂತು. 2000ದಲ್ಲಿ ಹ್ಯೂಸ್ಟನ್ನಿನಲ್ಲಿ ಆ ಕೂಟಗಳ ಒಕ್ಕೂಟವಾದ 'ಅಕ್ಕ' ತನ್ನ ಮೊದಲ ವಿಶ್ವ ಕನ್ನಡ ಸಮ್ಮೇಳನ ನಡೆಸುವ ಹೊತ್ತಿಗೆ ಅಂಥ ಕೂಟಗಳು ಅಮೆರಿಕದ ದೊಡ್ಡ ನಗರಗಳಲ್ಲೆಲ್ಲ ಬೇರೂರಿದ್ದವು. ಯುಗಾದಿಯಾಗಲಿ ರಾಜ್ಯೋತ್ಸವವಾಗಲಿ ಅಲ್ಲಿ ಬರುವುದು ಶನಿವಾರವೇ ಎಂದಾಗ ಪಂಚಾಂಗ ನೋಡುವ ಹಿರಿಯರು ಹುಬ್ಬು ಗಂಟಿಕ್ಕಿದರು. ನಾಲ್ಕನೇ ಜ್ವರ ಏಳುವ ತನಕ ಹಬ್ಬವನ್ನು ಮುಂದೂಡಿ ಗೊತ್ತಿದ್ದ ಬೆಳೆಗಾರರಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಇಷ್ಟೆಲ್ಲಕ್ಕೂ ಹಣದ ದಾರಿ ಚೀಟಿ. ತಿಂಗಳಿಗಿಷ್ಟೆಂದು ಕಟ್ಟಿ, ಎತ್ತಿದವರು ಯಾತ್ರೆಗೆ ಹೊರಡುವ ಚೀಟಿಗಳು ಓಣಿಗೊಂದರಂತೆ ಇವೆ. 1982ರ ಚಿಟ್ ಫಂಡ್ಸ್ ಕಾಯ್ದೆಯ ಕಣ್ಣಿಗೆ ಇವು ಬೀಳುವುದಿಲ್ಲ. ಗುರುತಿನವರ ಮುಲಾಜಿನ ಮೇಲೆ ನಡೆಯುತ್ತವೆ. ಮುಲಾಜು ಸೋತದ್ದೂ ಉಂಟು. ಆ ವರ್ಷ ಒಂದು ಗುಂಪಿನ ಮುಂಗಡ ಪಡೆದ ಏಜೆಂಟ್ ಒಬ್ಬ ಕೊನೆಯ ವಾರ ಫೋನ್ ಎತ್ತಲಿಲ್ಲ. ಹೊರಡಬೇಕಿದ್ದವರ ಮನೆಗಳಲ್ಲಿ ಬುತ್ತಿಗೆಂದು ಮಾಡಿಟ್ಟ ಪುಳಿಯೋಗರೆ ಗೊಜ್ಜು ತಿಂಗಳುಗಟ್ಟಲೆ ಬೀದಿಯ ತಿಂಡಿಯಾಯಿತು. ಆ ನಂತರ ಮುಂಗಡವನ್ನು ಇಬ್ಬರ ಎದುರಿನಲ್ಲಿ ಕೊಟ್ಟು ಬರಹ ಪಡೆಯುವ ಕ್ರಮ ಬಂತು.

2023ರ ಅಕ್ಟೋಬರ್ 19ರಂದು, ನವರಾತ್ರಿಯ ನಡುವೆ, ಮೇಲ್‌ಮರುವತ್ತೂರಿನ ಪೀಠದ ಗುರು ಬಂಗಾರು ಅಡಿಗಳಾರ್ ತೀರಿಕೊಂಡರು. ಅಮ್ಮ ಎಂದೇ ಅವರನ್ನು ಕರೆಯುತ್ತಿದ್ದ ಹೆಂಗಸರು ಒಂದು ಮನೆಯ ಜಗಲಿಯಲ್ಲಿ ಸೇರಿದರು. ಅತ್ತವರು ಅತ್ತರು. ಬರುವ ಜನವರಿಯಲ್ಲಿ ಹೋಗುವುದೇ ಬೇಡವೇ ಎಂಬ ಪ್ರಶ್ನೆ ಬಂತು. ಅವರಿಲ್ಲದಿದ್ದರೂ ಗರ್ಭಗುಡಿಯ ಬಾಗಿಲು ತಮಗೆ ತೆರೆದೇ ಇರುತ್ತದಲ್ಲ ಎಂಬ ಮಾತಿಗೆ ಎಲ್ಲರೂ ಒಪ್ಪಿದರು. ಚುನಾವಣೆ ಮುಗಿದಿದ್ದರಿಂದ ಈ ಸಲ ಬಸ್ಸು ಕೊಡುವವರು ಸಿಗುವುದು ಅನುಮಾನ, ತಮ್ಮ ಹಣದಲ್ಲೇ ಹೋಗಬೇಕೆಂದಾಯಿತು. ದೀಪಾವಳಿಯೊಳಗೆ ಬಸ್ಸಿಗೆ ಮುಂಗಡ, ಹುಳು ಇರುವ ಮನೆಗಳವರಿಗೆ ಎರಡನೇ ಬಸ್ಸು, ವಾಂತಿಯಾಗುವವರಿಗೆ ಮುಂದಿನ ಸೀಟು ಎಂದು ಪಟ್ಟಿ ಮಾಡಿಕೊಂಡು ಎದ್ದರು.